ಚದುರಂಗವೀರ ಕಪಬ್ಲಾಂಕ

ಅಟ್ಲಾಂಟಿಕ್ ಮಹಾಸಾಗರವೂ ಕೆರಿಬಿಯನ್ ಸಮುದ್ರವೂ ಕೂಡುವೆಡೆಯಲ್ಲಿ ಕ್ಯೂಬಾ ಎಂಬ ನೀಳವಾದ ದ್ವೀಪವಿದೆ. ಕಬ್ಬಿನ ಗದ್ದೆಗಳಿಗೂ ಹೊಗೆಸೊಪ್ಪಿಗೂ ಹೆಸರಾದ ಈ ನಾಡಿನ ರಾಜಧಾನಿ ಹವಾನಾ. ಈ ನಗರದಲ್ಲಿ 1888ನೆಯ ಇಸವಿಯ ನವೆಂಬರ್ 19ರಂದು ಹೊಸೆ ರಾವೂಲ್ ಕಪಬ್ಲಾಂಕ ಜನಿಸಿದನು. ಆಗ ಕ್ಯೂಬಾ ಸ್ಪೇನ್ ದೇಶದ ಆಳ್ವಿಕೆಗೆ ಒಳಪಟ್ಟಿತ್ತು. ಬಾಲಕನ ತಂದೆ ಸ್ಪೇನಿನ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಬಿಡುವಿನ ವೇಳೆಯಲ್ಲಿ ಗೆಳೆಯರೊಡನೆ ಚದುರಂಗವಾಡುವುದು ಆತನ ವಾಡಿಕೆಯಾಗಿತ್ತು.

ಮಗನಿಗೆ ಇನ್ನೂ ನಾಲ್ಕು ವರ್ಷ. ಓದು ಬರಹ ಬಾರದ ಆ ಮಗು ತಂದೆಯ ಪಕ್ಕದಲ್ಲಿ ನಿಂತು ಮಣೆಯನ್ನೇ ನೋಡುತ್ತಿತ್ತು. ಕಾಯಿಗಳು ಹೇಗೆ ನಡೆಯುತ್ತವೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ತಂದೆ ತನ್ನ ಕುದುರೆಯನ್ನು ಬಿಳಿಯ ಮನೆಯಿಂದ ಎತ್ತಿ ಇನ್ನೊಂದು ಬಿಳಿಯ ಮನೆಯಲ್ಲಿಯೇ ಇಟ್ಟನು. ಚದುರಂಗ ಬಲ್ಲವರಿಗೆ ಇದು ತಪ್ಪೆಂದು ಒಡನೆ ತಿಳಿಯುತ್ತದೆ. ಕುದುರೆಯು ಪ್ರತಿಯೊಂದು ನೆಗೆತದಲ್ಲಿಯೂ ಬಣ್ಣವನ್ನು ಬದಲಿಸಲೇಬೇಕು. ಎದುರಾಳಿ ಅದನ್ನು ಗಮನಿಸಲಿಲ್ಲ. ತಂದೆ ಆಟವನ್ನು ಗೆದ್ದುಕೊಂಡನು. ಮಗು ಕೈತಟ್ಟಿ ನಕ್ಕು, ಅಪ್ಪ ಮೋಸ ಮಾಡಿದನೆಂದು ಸಾರಿಬಿಟ್ಟಿತು. ಕೋಪಗೊಂಡ ತಂದೆ ಮಗನನ್ನು ಹೊರಗೆ ಕಳುಹಿಸುವುದರಲ್ಲಿದ್ದನು. ಅಷ್ಟರಲ್ಲಿ ಬಾಲಕನು ಆ ತಪ್ಪುನಡೆಯನ್ನು ಮಣೆಯ ಮೇಲೆಯೇ ತೋರಿಸಿಕೊಟ್ಟನು. ಮಾತಿಗೆ ಮಾತು ಬೆಳೆದು ತಂದೆ ಮಕ್ಕಳು ಎದುರುಬದುರಾಗಿ ಕುಳಿತರು. ಗೆದ್ದವನು ಮಗ. ಈ ಪ್ರಸಂಗವನ್ನು ಕಪಬ್ಲಾಂಕನೇ ಮುಂದೆ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ.

ಈ ಆಟ ಭಾರತದಲ್ಲಿ ಹುಟ್ಟಿ, ಪರ್ಷಿಯಾ ದೇಶವನ್ನು ಹೊಕ್ಕು, ಅರಬರ ಕೈಯಿಂದ ಸ್ಪೇನನ್ನು ಸೇರಿ, ಅಲ್ಲಿಂದ ಸಾಗರವನ್ನು ದಾಟಿ ಹವಾನಾದ ಆ ಮನೆಯನ್ನು ತಲುಪಿತ್ತು. ದಾರಿಯಲ್ಲಿ ಕಾಯಿಗಳ ಹೆಸರುಗಳೂ ನಡೆಗಳೂ ಮಾರ್ಪಟ್ಟವು. ನಾವು ಮಂತ್ರಿಯೆನ್ನುವ ಕಾಯಿಯನ್ನು ಯುರೋಪಿನವರು ರಾಣಿಯೆಂದರು. ನಮ್ಮ ಒಂಟೆಯು ಇಂಗ್ಲಿಷರಲ್ಲಿ ಪಾದ್ರಿಯಾಯಿತು. ಆನೆಯು ಕೋಟೆಯ ಗೋಪುರದ ಆಕಾರವನ್ನು ತಳೆಯಿತು. ಈ ಪಾಠದಲ್ಲಿ ನಮ್ಮ ಹೆಸರುಗಳನ್ನೇ ಬಳಸಲಾಗಿದೆ.

ಎಳೆಯ ಮಿದುಳಿಗೆ ಆಯಾಸವಾದೀತೆಂಬ ವೈದ್ಯರ ಸಲಹೆಯಂತೆ ಬಾಲಕನಿಗೆ ಹೆಚ್ಚು ಆಡಲು ಅವಕಾಶವಿರಲಿಲ್ಲ. ಆದರೂ 1901ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಆತನು ಕ್ಯೂಬಾದ ಶ್ರೇಷ್ಠ ಆಟಗಾರನಾದ ಹುವಾನ್ ಕೋರ್ಸೋ ಎಂಬಾತನನ್ನು ಪಂದ್ಯದಲ್ಲಿ ಸೋಲಿಸಿದನು. ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತೆರಳಿ, 1906ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದನು. ವಿಷಯ ರಸಾಯನಿಕ ಇಂಜಿನಿಯರಿಂಗ್. ತರಗತಿಗಿಂತ ಮ್ಯಾನ್‌ಹಟನ್ ಚದುರಂಗ ಸಂಘದ ಕೊಠಡಿಯೇ ಆತನನ್ನು ಹೆಚ್ಚಾಗಿ ಸೆಳೆಯಿತು. ಪದವಿಯನ್ನು ಪಡೆಯುವ ಮೊದಲೇ ವಿಶ್ವವಿದ್ಯಾಲಯವನ್ನು ಬಿಟ್ಟನು.

ಆ ಕಾಲದಲ್ಲಿ ಅಮೆರಿಕದ ಅಗ್ರಗಣ್ಯ ಆಟಗಾರನೆಂದರೆ ಫ್ರಾಂಕ್ ಮಾರ್ಷಲ್. 1877ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈತನು ಸಾಹಸಪ್ರಿಯ. ಕಾಯಿಗಳನ್ನು ಲೆಕ್ಕಿಸದೆ ಬಲಿಗೊಟ್ಟು ಎದುರಾಳಿಯ ರಾಜನ ಮೇಲೆ ಎರಗುವುದು ಈತನ ರೀತಿ. ಸೋಲುವ ಆಟವನ್ನೂ ಯಾವುದಾದರೊಂದು ಉಪಾಯದಿಂದ ಉಳಿಸಿಕೊಳ್ಳುವುದರಲ್ಲಿ ನಿಸ್ಸೀಮನೆಂದು ಹೆಸರಾಗಿದ್ದನು. 1909ರಲ್ಲಿ ಇಪ್ಪತ್ತರ ಹರೆಯದ ಕಪಬ್ಲಾಂಕನು ಈ ಅನುಭವಶಾಲಿಯೊಡನೆ ಪಂದ್ಯಕ್ಕೆ ನಿಂತನು. ಇಪ್ಪತ್ಮೂರು ಆಟಗಳಲ್ಲಿ ಕಪಬ್ಲಾಂಕನು ಎಂಟನ್ನು ಗೆದ್ದನು. ಮಾರ್ಷಲನಿಗೆ ದಕ್ಕಿದ್ದು ಒಂದೇ ಒಂದು. ಉಳಿದ ಹದಿನಾಲ್ಕು ಸಮವಾಗಿ ಮುಗಿದವು. ಪ್ರಸಿದ್ಧನಾದ ಆಟಗಾರನಿಗೆ ಇಂಥ ಸೋಲು ನುಂಗಲಾರದ ತುತ್ತು. ಆದರೆ ಮಾರ್ಷಲನ ಹೃದಯ ದೊಡ್ಡದು. 1911ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ನಗರದಲ್ಲಿ ಯುರೋಪಿನ ಘಟಾನುಘಟಿಗಳ ಪಂದ್ಯಾವಳಿ ಏರ್ಪಟ್ಟಾಗ, ತನ್ನನ್ನು ಸೋಲಿಸಿದ ಈ ತರುಣನಿಗೂ ಆಹ್ವಾನವಿರಬೇಕೆಂದು ಹಟ ಹಿಡಿದವನು ಮಾರ್ಷಲನೇ. ಹಿಂದಿನ ಪಂದ್ಯಾವಳಿಗಳಲ್ಲಿ ಬಹುಮಾನ ಗಳಿಸದವನಿಗೆ ಇಲ್ಲಿ ಸ್ಥಳವಿಲ್ಲವೆಂದು ಕೆಲವರು ಆಕ್ಷೇಪಿಸಿದರು. ಅವರಲ್ಲಿ ಬರ್ನ್‌ಸ್ಟೈನ್ ಎಂಬಾತನೂ ಒಬ್ಬ. ಮೊದಲನೆಯ ಸುತ್ತಿನಲ್ಲಿಯೇ ಬರ್ನ್‌ಸ್ಟೈನನು ಕಪಬ್ಲಾಂಕನಿಗೆ ಸೋತನು. ಆ ಆಟಕ್ಕೆ ಸೊಗಸಿನ ಬಹುಮಾನವೂ ಬಂದಿತು. ಕೊನೆಗೆ ಇಡೀ ಪಂದ್ಯಾವಳಿಯಲ್ಲಿ ಕಪಬ್ಲಾಂಕನೇ ಪ್ರಥಮನಾದನು.

1913ರಲ್ಲಿ ಸ್ವತಂತ್ರ ಕ್ಯೂಬಾದ ಸರ್ಕಾರವು ಆತನಿಗೆ ವಿದೇಶಾಂಗ ಖಾತೆಯಲ್ಲಿ ಕೆಲಸ ಕೊಟ್ಟಿತು. ಕೆಲಸ ಹೆಸರಿಗೆ ಮಾತ್ರವೆಂದರೂ ನಡೆದೀತು. ದೇಶದೇಶಗಳನ್ನು ಸುತ್ತಿ ಕ್ಯೂಬಾದ ಕೀರ್ತಿಯನ್ನು ಹರಡುವುದೇ ಆತನ ನಿಜವಾದ ಕರ್ತವ್ಯವಾಗಿತ್ತು. 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಮಹಾಪಂದ್ಯಾವಳಿಯಲ್ಲಿ ವಿಶ್ವವಿಜೇತನಾದ ಎಮಾನುಯೆಲ್ ಲಾಸ್ಕರನ ನಂತರದ ಸ್ಥಾನ ಕಪಬ್ಲಾಂಕನಿಗೆ ದೊರೆಯಿತು. ಅದೇ ವರ್ಷ ಮೊದಲನೆಯ ಮಹಾಯುದ್ಧ ಆರಂಭವಾಗಿ ಯುರೋಪಿನಲ್ಲಿ ದೊಡ್ಡ ಪಂದ್ಯಗಳು ನಿಂತುಹೋದವು.

ಯುದ್ಧವು ಮುಗಿಯುವ ಹಂತಕ್ಕೆ ಬಂದಿದ್ದ 1918ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಮ್ಯಾನ್‌ಹಟನ್ ಸಂಘವು ನ್ಯೂಯಾರ್ಕಿನಲ್ಲಿ ಒಂದು ಪಂದ್ಯಾವಳಿಯನ್ನು ಏರ್ಪಡಿಸಿತು. ಅಕ್ಟೋಬರ್ 23ರಂದು ಕಪಬ್ಲಾಂಕ ಮತ್ತು ಮಾರ್ಷಲ್ ಮತ್ತೆ ಮುಖಾಮುಖಿಯಾದರು. ಬಿಳಿಯ ಕಾಯಿಗಳು ಕಪಬ್ಲಾಂಕನವು, ಕಪ್ಪು ಮಾರ್ಷಲನವು. ಕಪಬ್ಲಾಂಕನು ರೂಯ್ ಲೋಪೆಜ್ ಎಂಬ ಆರಂಭವನ್ನು ಆರಿಸಿಕೊಂಡನು. ಹದಿನಾರನೆಯ ಶತಮಾನದಲ್ಲಿದ್ದ ಸ್ಪೇನಿನ ಒಬ್ಬ ಪಾದ್ರಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಬಿಳಿಯ ಒಂಟೆಯು ಮೂರನೆಯ ನಡೆಯಲ್ಲಿಯೇ ಮುಂದೆ ಬಂದು ಕರಿಯ ಕುದುರೆಯನ್ನು ಕೆಣಕುವುದು, ಮಣೆಯ ನಡುಭಾಗದ ಒಡೆತನಕ್ಕಾಗಿ ಎರಡೂ ಪಕ್ಷಗಳು ನಿಧಾನವಾಗಿ ಹೆಣಗುವುದು ಇದರ ಸ್ವಭಾವ.

ಏಳು ನಡೆಗಳು ಎಂದಿನಂತೆಯೇ ನಡೆದವು. ಇಬ್ಬರೂ ತಮ್ಮ ತಮ್ಮ ರಾಜರನ್ನು ಕೋಟೆಯೊಳಗೆ ಸೇರಿಸಿದರು. ಎಂಟನೆಯ ನಡೆಯಲ್ಲಿ ಕರಿಯ ಪಕ್ಷದವನು ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ನಡುವಿನಲ್ಲಿ ನಿಂತ ತನ್ನ ಇನ್ನೊಂದು ಕಾಲಾಳಿಗೆ ಆಸರೆ ಕೊಡುವುದು ರೂಢಿ. ಮಾರ್ಷಲನು ಅದನ್ನು ಎರಡು ಮನೆ ನೂಕಿಬಿಟ್ಟನು. ನಡುವಿನ ಕಾಲಾಳು ಆಸರೆಯಿಲ್ಲದೆ ಅನಾಥವಾಯಿತು. ಬೇಕಾದರೆ ತೆಗೆದುಕೋ ಎಂದು ಬಾಗಿಲು ತೆರೆದಿಟ್ಟಂತೆ ಇತ್ತು ಆ ನಡೆ.

ಮಾರ್ಷಲನ ಲೆಕ್ಕಾಚಾರ ಹೀಗಿತ್ತು. ಒಂದು ಕಾಲಾಳನ್ನು ಕಬಳಿಸಲು ಬಿಳಿಯವನು ನಾಲ್ಕಾರು ನಡೆಗಳನ್ನು ವೆಚ್ಚಮಾಡಬೇಕು. ಅಷ್ಟರಲ್ಲಿ ಆತನ ಮಂತ್ರಿಯ ಪಕ್ಕದ ಕುದುರೆ, ಒಂಟೆ, ಆನೆ ಮೂರೂ ಮೊದಲಿದ್ದ ಮನೆಗಳಲ್ಲಿಯೇ ನಿದ್ರಿಸುತ್ತಿರುತ್ತವೆ. ಕಪ್ಪು ಕಾಯಿಗಳಾದರೋ ಒಂದೊಂದಾಗಿ ಬಿಳಿಯ ರಾಜನ ಕೋಟೆಯ ಎದುರು ಬಂದು ನಿಲ್ಲುತ್ತವೆ. ಚದುರಂಗದಲ್ಲಿ ಕಾಯಿಗಳಿಗೆ ಇರುವಂತೆಯೇ ಕಾಲಕ್ಕೂ ಬೆಲೆಯಿದೆ. ಇಲ್ಲಿ ಮಾರ್ಷಲನು ಕಾಯಿಯನ್ನು ಕೊಟ್ಟು ಕಾಲವನ್ನು ಕೊಂಡುಕೊಂಡನು.

ಕಪಬ್ಲಾಂಕನು ಸ್ವಲ್ಪ ಹೊತ್ತು ಯೋಚಿಸಿದನು. ಎದುರಾಳಿಯು ಈ ದಾಳಿಯ ಕವಲುಗಳನ್ನೆಲ್ಲ ಮನೆಯಲ್ಲಿ ಕುಳಿತು ಪರಿಶೀಲಿಸಿಕೊಂಡು ಬಂದಿದ್ದಾನೆಂಬುದು ಆತನಿಗೆ ಸ್ಪಷ್ಟವಾಗಿತ್ತು. ತನಗೋ ಅದು ಕಾಣದ ಕಾಡು. ಒಂದೊಂದು ಹೆಜ್ಜೆಯನ್ನೂ ಅಲ್ಲಿಯೇ, ಗಡಿಯಾರದ ಮುಳ್ಳು ಸರಿಯುತ್ತಿರುವಂತೆಯೇ, ಕಂಡುಹಿಡಿಯಬೇಕು. ಕಾಲಾಳನ್ನು ಮುಟ್ಟದೆ ಸುರಕ್ಷಿತವಾದ ಬೇರೆ ದಾರಿಯನ್ನು ಹಿಡಿದಿದ್ದರೆ ಯಾರೂ ಆತನನ್ನು ಹಳಿಯುತ್ತಿರಲಿಲ್ಲ. ಆದರೆ ಆ ಕ್ಷಣದಲ್ಲಿ ತನ್ನೊಳಗೆ ಕದನದ ಉತ್ಸಾಹ ಉಕ್ಕಿತೆಂದೂ, ಸವಾಲಿಗೆ ಬೆನ್ನು ತೋರುವುದು ತನ್ನ ಮರ್ಯಾದೆಗೆ ತಕ್ಕುದಲ್ಲವೆಂದು ತೋರಿತೆಂದೂ ಆತನೇ ಮುಂದೆ ಬರೆದಿದ್ದಾನೆ. ಕಾಲಾಳನ್ನು ಹೊಡೆದನು.

ಬಿರುಗಾಳಿ ಎದ್ದಿತು. ಕರಿಯ ಒಂಟೆ, ಕುದುರೆ, ಮಂತ್ರಿ ಮೂರೂ ಕೂಡಿ ಬಿಳಿಯ ರಾಜನ ಬಾಗಿಲಿಗೆ ಬಂದವು. ಹದಿನೈದನೆಯ ನಡೆಯಲ್ಲಿ ಕರಿಯ ಕುದುರೆ ಕೋಟೆಯ ಗೋಡೆಯಂತಿದ್ದ ಕಾಲಾಳೊಂದನ್ನು ಹೊಡೆದು ಒಳಗೇ ನುಗ್ಗಿತು. ಬಿಳಿಯ ಮಂತ್ರಿ ಆ ಕುದುರೆಯನ್ನು ಸುಲಭವಾಗಿ ಕೊಲ್ಲಬಹುದಿತ್ತು. ಸಾಮಾನ್ಯನಾದ ಆಟಗಾರನು ಹಾಗೆಯೇ ಮಾಡುತ್ತಿದ್ದನು, ಮಾಡಿ ಸೋಲುತ್ತಿದ್ದನು. ಏಕೆಂದರೆ ಮಾರ್ಷಲನು ಬಲೆ ಹೆಣೆದಿದ್ದುದು ಅಲ್ಲಿಯೇ. ಕಪಬ್ಲಾಂಕನು ಕುದುರೆಯ ಗೋಜಿಗೆ ಹೋಗದೆ ತನ್ನ ಆನೆಯನ್ನು ಒಂದೇ ಒಂದು ಮನೆ ಮುಂದೆ ಸರಿಸಿದನು. ನೋಡುವುದಕ್ಕೆ ಎಷ್ಟು ಸಪ್ಪೆಯಾದ ನಡೆ! ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದೇ. ದಾಳಿಕಾರನ ಅಬ್ಬರದ ನಡುವೆ ಹೀಗೆ ಮೌನವಾಗಿ ಒಂದು ಹೆಜ್ಜೆ ಇಡಲು ಎಷ್ಟು ಧೈರ್ಯ ಬೇಕೆಂಬುದು ಆಡಿದವರಿಗೇ ಗೊತ್ತು.

ಮಾರ್ಷಲನು ಹಿಂಜರಿಯಲಿಲ್ಲ. ತನ್ನ ಒಂದು ಒಂಟೆಯನ್ನು ಕಾಲಾಳಿನ ಬಾಯಿಗೆ ಒಡ್ಡಿದನು. ಇನ್ನೊಂದು ಒಂಟೆಯಿಂದ ರಾಜನಿಗೆ ಚೆಕ್ ಕೊಟ್ಟನು. ಬಿಳಿಯ ರಾಜನು ಕೋಟೆಯನ್ನು ಬಿಟ್ಟು ಹೊರಟನು. ಕರಿಯ ಮಂತ್ರಿ ಮೂಲೆಯ ಮನೆಗೆ ಇಳಿದು ಮತ್ತೆ ಚೆಕ್ ಕೊಟ್ಟಿತು. ಕರಿಯ ಆನೆಯೂ ಬಂದು ಚೆಕ್ ಕೊಟ್ಟಿತು. ಸುತ್ತಲೂ ಬಾಣಗಳು ಹಾರುತ್ತಿರಲು ಬಿಳಿಯ ರಾಜನು ಒಬ್ಬನೇ ಮಣೆಯ ನಡುವೆ ಹಾದು, ನಾಲ್ಕು ಹೆಜ್ಜೆಗಳಲ್ಲಿ ಮಂತ್ರಿಯ ಪಕ್ಕದ ಭಾಗವನ್ನು ಸೇರಿದನು. ಅಲ್ಲಿ ಇನ್ನೂ ನಿದ್ರಿಸುತ್ತಿದ್ದ ಕುದುರೆ, ಆನೆ, ಕಾಲಾಳುಗಳೇ ಆತನ ಅಂಗರಕ್ಷಕರಾದವು! ಮಾರ್ಷಲನು ಬಿಳಿಯ ಪಕ್ಷದ ದೌರ್ಬಲ್ಯವೆಂದು ಎಣಿಸಿದ್ದುದೇ ರಾಜನಿಗೆ ಆಶ್ರಯವಾಯಿತು.

ಇಪ್ಪತ್ತನಾಲ್ಕು ನಡೆಗಳು ಮುಗಿದಿದ್ದವು. ಲೆಕ್ಕ ಹಾಕಿದರೆ ಒಂದು ಆನೆಯನ್ನು ಕಳೆದುಕೊಂಡ ಬಿಳಿಯವನಿಗೆ ಅದಕ್ಕೆ ಬದಲಾಗಿ ಒಂಟೆ, ಕುದುರೆ ಎರಡು ಕಾಯಿಗಳು ಸಂದಿದ್ದವು. ಕರಿಯ ಮಂತ್ರಿಯೂ ಒಂಟೆಯೂ ಶತ್ರುವಿಲ್ಲದ ಖಾಲಿ ಕೋಟೆಯಲ್ಲಿ ದೂರ ಉಳಿದಿದ್ದವು. ಈಗ ಕಪಬ್ಲಾಂಕನ ಸರದಿ. ಆತನ ಕಾಲಾಳುಗಳು ಇನ್ನೊಂದು ಪಕ್ಕದಲ್ಲಿ ಹೆಜ್ಜೆಹೆಜ್ಜೆಯಾಗಿ ಮುಂದೊತ್ತಿದವು. ಒಂದು ಕಾಲಾಳು ಕೊನೆಯ ಸಾಲಿಗೆ ಒಂದೇ ಮನೆ ಹಿಂದೆ ಬಂದು ನಿಂತಿತು. ಇನ್ನೊಂದು ಹೆಜ್ಜೆ ಇಟ್ಟರೆ ಅದು ಮಂತ್ರಿಯಾಗುತ್ತದೆ. ಮೂವತ್ತಾರನೆಯ ನಡೆಯಲ್ಲಿ ಬಿಳಿಯ ಒಂಟೆ ಕರಿಯ ರಾಜನ ಎದುರಿನ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಯಾವ ದಾರಿ ಹಿಡಿದರೂ ಚೆಕ್‌ಮೇಟ್ ತಪ್ಪದೆಂದು ಕಂಡ ಮಾರ್ಷಲನು ಸೋಲನ್ನೊಪ್ಪಿದನು. ಆ ಪಂದ್ಯಾವಳಿಯೂ ಕಪಬ್ಲಾಂಕನದೇ ಆಯಿತು.

ಈ ಆಟವನ್ನು ಕುರಿತು ಒಂದು ಕಥೆ ಪ್ರಚಾರದಲ್ಲಿದೆ. 1909ರ ಸೋಲಿನ ಸೇಡನ್ನು ತೀರಿಸಿಕೊಳ್ಳಲು ಮಾರ್ಷಲನು ಈ ಹೊಸ ಅಸ್ತ್ರವನ್ನು ವರ್ಷಗಟ್ಟಲೆ ಯಾರಿಗೂ ತೋರದೆ ಬಚ್ಚಿಟ್ಟುಕೊಂಡಿದ್ದನಂತೆ. ಕಥೆಯೇನೋ ರಸವತ್ತಾಗಿದೆ, ಕರ್ಣನು ಅರ್ಜುನನಿಗಾಗಿ ಕಾದಿಟ್ಟ ಶಕ್ತ್ಯಾಯುಧವನ್ನು ನೆನಪಿಗೆ ತರುತ್ತದೆ. ಆದರೆ 1917ರಲ್ಲಿಯೇ ಮಾರ್ಷಲನು ಬೇರೊಬ್ಬನ ಮೇಲೆ ಇದೇ ಬಗೆಯ ಆಟವನ್ನು ಪ್ರಯೋಗಿಸಿದ್ದುದು ಇತಿಹಾಸಕಾರರಿಗೆ ಸಿಕ್ಕಿದೆ. ಆದುದರಿಂದ ಕಥೆಯನ್ನು ಕಥೆಯೆಂದೇ ಭಾವಿಸುವುದು ಒಳ್ಳೆಯದು. ಅಸ್ತ್ರವು ಅಂದು ಸೋತರೂ ಮೊಂಡಾಗಲಿಲ್ಲ. ಮಾರ್ಷಲನೇ ಮುಂದೆ ಅದನ್ನು ತಿದ್ದಿದನು. 1965ರಲ್ಲಿ ಬೋರಿಸ್ ಸ್ಪಾಸ್ಕಿ ಎಂಬ ಪ್ರಚಂಡನು ಮಿಖಾಯಿಲ್ ತಾಲ್ ಎಂಬ ಇನ್ನೊಬ್ಬ ಪ್ರಚಂಡನ ಎದುರು ಅದನ್ನೇ ಹಿಡಿದು ನಿಂತನು. ಮಾರ್ಷಲ್ ದಾಳಿಯೆಂಬ ಹೆಸರಿನಿಂದ ಅದು ಇಂದಿಗೂ ಬಳಕೆಯಲ್ಲಿದೆ. ಬಿಳಿಯ ಕಾಯಿ ಹಿಡಿದ ಎಷ್ಟೋ ನಿಪುಣರು ಅದಕ್ಕೆ ಎಡೆಗೊಡದೆ ಮೊದಲೇ ಬೇರೆ ದಾರಿಗೆ ಹೊರಳುವುದುಂಟು.

1921ರಲ್ಲಿ ಕಪಬ್ಲಾಂಕನ ಬಹುದಿನಗಳ ಬಯಕೆ ಕೈಗೂಡಿತು. ಇಪ್ಪತ್ತೇಳು ವರ್ಷಗಳಿಂದ ವಿಶ್ವವಿಜೇತನಾಗಿದ್ದ ಲಾಸ್ಕರನೊಡನೆ ಹವಾನಾದಲ್ಲಿ ಪಂದ್ಯ ನಡೆಯಿತು. ಹದಿನಾಲ್ಕು ಆಟಗಳಲ್ಲಿ ನಾಲ್ಕನ್ನು ಗೆದ್ದು, ಒಂದನ್ನೂ ಸೋಲದೆ, ಕಪಬ್ಲಾಂಕನು ತನ್ನ ಹುಟ್ಟೂರಿನಲ್ಲಿಯೇ ಜಗತ್ತಿನ ಕಿರೀಟವನ್ನು ಧರಿಸಿದನು. 1916ರಿಂದ 1924ರವರೆಗೆ ಎಂಟು ವರ್ಷಗಳ ಕಾಲ ಪಂದ್ಯಗಳಲ್ಲಿ ಆತನನ್ನು ಸೋಲಿಸಿದವರೇ ಇಲ್ಲ. 1922ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಏಕಕಾಲಕ್ಕೆ 103 ಮಂದಿಯೊಡನೆ ಆಡಿ 102 ಆಟಗಳನ್ನು ಗೆದ್ದು ಒಂದನ್ನು ಸಮಮಾಡಿಕೊಂಡನು. ಜನರು ಆತನನ್ನು ಚದುರಂಗದ ಯಂತ್ರವೆಂದು ಕರೆಯತೊಡಗಿದರು. 1924ರಲ್ಲಿ ನ್ಯೂಯಾರ್ಕಿನಲ್ಲಿ ರಿಚರ್ಡ್ ರೇಟಿ ಎಂಬಾತನು ಆತನನ್ನು ಸೋಲಿಸಿದಾಗ ಅದೊಂದು ದೊಡ್ಡ ಸುದ್ದಿಯಾಯಿತು.

ಆತನ ಆಟದ ಗುಣವೆಂದರೆ ಸರಳತೆ. ತೊಡಕಾದ ಸನ್ನಿವೇಶದಲ್ಲಿ ಮುಖ್ಯವಾದುದು ಯಾವುದೆಂದು ಒಂದೇ ನೋಟಕ್ಕೆ ಆತನಿಗೆ ಹೊಳೆಯುತ್ತಿತ್ತು. ಅದೇ ಆತನ ಕೊರತೆಗೂ ಕಾರಣವಾಯಿತೆನ್ನಬೇಕು. ಕಷ್ಟಪಡದೆ ದಕ್ಕುವುದಕ್ಕಾಗಿ ಯಾರು ತಾನೇ ಕಷ್ಟಪಡುತ್ತಾರೆ? ಇತರರು ರಾತ್ರಿಯೆಲ್ಲ ಆರಂಭಗಳನ್ನು ಅಭ್ಯಾಸ ಮಾಡುತ್ತಿದ್ದರೆ ಈತನು ಅದನ್ನು ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ.

1927ರಲ್ಲಿ ಇದರ ಬೆಲೆಯನ್ನು ತೆರಬೇಕಾಯಿತು. ರಷ್ಯದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ್ದ ಅಲೆಕ್ಸಾಂಡರ್ ಅಲೆಖಿನ್ ಎಂಬಾತನು ಕಿರೀಟಕ್ಕಾಗಿ ಸವಾಲು ಹಾಕಿದನು. ಅದುವರೆಗೆ ಅಲೆಖಿನನು ಕಪಬ್ಲಾಂಕನ ಮೇಲೆ ಒಂದು ಆಟವನ್ನೂ ಗೆದ್ದಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ನ್ಯೂಯಾರ್ಕಿನ ಪಂದ್ಯಾವಳಿಯಲ್ಲಿ ಕಪಬ್ಲಾಂಕನು ಬಹಳ ಅಂತರದಿಂದ ಮೊದಲಿಗನಾಗಿದ್ದನು. ಹೀಗಾಗಿ ಫಲಿತಾಂಶದ ಬಗೆಗೆ ಹೆಚ್ಚಿನವರಿಗೆ ಸಂದೇಹವೇ ಇರಲಿಲ್ಲ. ಆದರೆ ಅಲೆಖಿನನು ಕಪಬ್ಲಾಂಕನ ಆಟಗಳನ್ನೆಲ್ಲ ಮುಂದಿಟ್ಟುಕೊಂಡು, ಆ ಯಂತ್ರದ ಯಾವ ಕೀಲು ಸಡಿಲವಾಗಿದೆಯೆಂದು ಹುಡುಕಿದ್ದನು. ಅರ್ಜೆಂಟೈನಾದ ಬ್ಯೂನಸ್ ಐರಿಸ್ ನಗರದಲ್ಲಿ ಸೆಪ್ಟೆಂಬರಿನಲ್ಲಿ ಆರಂಭವಾದ ಪಂದ್ಯ ನವೆಂಬರ್ ಮುಗಿಯುವವರೆಗೂ ನಡೆಯಿತು. ಮೂವತ್ತನಾಲ್ಕು ಆಟಗಳು, ಇಪ್ಪತ್ತೈದು ಸಮ, ಕಪಬ್ಲಾಂಕನಿಗೆ ಮೂರು ಗೆಲುವು, ಅಲೆಖಿನನಿಗೆ ಆರು. ಅರ್ಧಕ್ಕೆ ನಿಂತಿದ್ದ ಕೊನೆಯ ಆಟವನ್ನು ಮುಂದುವರಿಸಲು ಕಪಬ್ಲಾಂಕನು ಬರಲಿಲ್ಲ. ಸೋಲನ್ನೊಪ್ಪಿ ಪತ್ರ ಬರೆದು ಕಳುಹಿಸಿದನು.

ಮರುಪಂದ್ಯಕ್ಕಾಗಿ ಆತನು ವರ್ಷಗಳ ಕಾಲ ಯತ್ನಿಸಿದನು. ವಿಶ್ವವಿಜೇತನಿಗೆ ಸವಾಲು ಹಾಕುವವನು ಹತ್ತು ಸಾವಿರ ಡಾಲರುಗಳ ನಿಧಿಯನ್ನು ಒದಗಿಸಬೇಕೆಂಬ ನಿಯಮವನ್ನು 1922ರಲ್ಲಿ ಲಂಡನ್ನಿನಲ್ಲಿ ಮುಂದಿಟ್ಟವನು ಕಪಬ್ಲಾಂಕನೇ. ಅದೇ ನಿಯಮ ಈಗ ಆತನಿಗೇ ಅಡ್ಡಗೋಡೆಯಾಯಿತು. 1929ರ ಆರ್ಥಿಕ ಮುಗ್ಗಟ್ಟಿನ ತರುವಾಯ ಅಷ್ಟು ಹಣ ಕೂಡುವುದು ದುಸ್ತರವಾಯಿತು. ಗೆಳೆಯರಾಗಿದ್ದ ಇಬ್ಬರೂ ಬದ್ಧದ್ವೇಷಿಗಳಾದರು. ಆ ಪಂದ್ಯ ನಡೆಯಲೇ ಇಲ್ಲ.

ಈ ನಡುವೆ, ಇಂಗ್ಲೆಂಡಿನ ಹೇಸ್ಟಿಂಗ್ಸ್ ನಗರದಲ್ಲಿ 1930–31ರ ಚಳಿಗಾಲದಲ್ಲಿ ನಡೆದ ಪಂದ್ಯಾವಳಿಯಲ್ಲಿ ಕಪಬ್ಲಾಂಕನನ್ನು ಸೋಲಿಸಿದವನು ಅವಿಭಜಿತ ಭಾರತದ ಪಂಜಾಬಿನವನಾದ ಮೀರ್ ಸುಲ್ತಾನ್ ಖಾನ್ ಎಂಬುದನ್ನು ನಾವು ಮರೆಯುವಂತಿಲ್ಲ. ಒಬ್ಬ ಜಮೀನ್ದಾರನ ಪರಿವಾರದಲ್ಲಿದ್ದ ಈತನು ಬಾಲ್ಯದಲ್ಲಿ ಕಲಿತದ್ದು ನಮ್ಮ ದೇಶೀಯ ಚದುರಂಗದ ನಿಯಮಗಳನ್ನು. ಸಾಗರ ದಾಟಿ ಹೋದ ಆಟವು ಹೀಗೊಮ್ಮೆ ತನ್ನ ತವರಿನವನ ಕೈಯಲ್ಲಿ ಮೆರೆಯಿತು.

ರಕ್ತದೊತ್ತಡದ ಕಾಯಿಲೆ ಕಪಬ್ಲಾಂಕನನ್ನು ಕಾಡತೊಡಗಿತ್ತು. ಆದರೂ 1936ರಲ್ಲಿ ಮಾಸ್ಕೋದಲ್ಲಿ ಪ್ರಥಮನಾದನು. ಅದೇ ವರ್ಷ ನಾಟಿಂಗ್‌ಹ್ಯಾಮಿನಲ್ಲಿ ಬೊಟ್ವಿನಿಕ್‌ನೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡನು. ಅಲ್ಲಿ ಅಲೆಖಿನನನ್ನೂ ಸೋಲಿಸಿದನು. 1938ರಲ್ಲಿ ಹಾಲೆಂಡಿನ ಪಂದ್ಯಾವಳಿಯಲ್ಲಿ ಎಂಟು ಮಂದಿಯ ನಡುವೆ ಏಳನೆಯ ಸ್ಥಾನಕ್ಕೆ ಇಳಿದನು. ದೇಹ ಸೋತಿತ್ತು. ಆದರೆ ಮರುವರ್ಷವೇ ಬ್ಯೂನಸ್ ಐರಿಸ್‌ನಲ್ಲಿ ರಾಷ್ಟ್ರಗಳ ಪಂದ್ಯಾವಳಿ ನಡೆದಾಗ ಕ್ಯೂಬಾದ ಪರವಾಗಿ ಮೊದಲನೆಯ ಮಣೆಯಲ್ಲಿ ಆಡಿ ಚಿನ್ನದ ಪದಕವನ್ನು ಪಡೆದನು. ಹನ್ನೆರಡು ವರ್ಷಗಳ ಹಿಂದೆ ಕಿರೀಟವನ್ನು ಕಳೆದುಕೊಂಡ ನಗರವೇ ಅದು.

1942ನೆಯ ಇಸವಿಯ ಮಾರ್ಚ್ 7ರ ಸಂಜೆ ಆತನು ಎಂದಿನಂತೆ ಮ್ಯಾನ್‌ಹಟನ್ ಸಂಘಕ್ಕೆ ಹೋಗಿದ್ದನು. ಅಲ್ಲಿಯೇ ಕುಸಿದುಬಿದ್ದನು. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಮರುದಿನ ಪ್ರಾಣಬಿಟ್ಟನು. ಹಿಂದಿನ ವರ್ಷವಷ್ಟೇ ಲಾಸ್ಕರನು ಕೊನೆಯುಸಿರೆಳೆದದ್ದೂ ಅದೇ ಆಸ್ಪತ್ರೆಯಲ್ಲಿ. ಕಪಬ್ಲಾಂಕನಿಗೆ ಆಗ ಐವತ್ತಮೂರು ವರ್ಷ. ದೇಹವನ್ನು ಹವಾನಾಕ್ಕೆ ಕೊಂಡೊಯ್ದು ಕೊಲೋನ್ ರುದ್ರಭೂಮಿಯಲ್ಲಿ ಸಮಾಧಿ ಮಾಡಿದರು. ಆ ಸಮಾಧಿಯ ಮೇಲೆ ಬಿಳಿಯ ಅಮೃತಶಿಲೆಯಲ್ಲಿ ಕಡೆದ ಚದುರಂಗದ ರಾಜನೊಂದು ನಿಂತಿದೆ.